ಬಾಗಿಲಿಗೆ ನೀಲಿ ಕಾಗದ ಅಂಟಿಸಿದ್ದರೆ ನಿಂತು ಓದಿ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಯಾವ್ಯಾವ ಕಾಗದ ಮುಖ್ಯ ಅಂತ ಎಲ್ಲರೂ ಹೇಳಿಕೊಡುತ್ತಾರೆ. ವೀಸಾ, ಬಾಡಿಗೆ ಕರಾರು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಮಗುವಿನ ಸ್ಕೂಲಿನ ಅರ್ಜಿ. ಯಾರೂ ಹೇಳದ ಕಾಗದ ಒಂದಿದೆ. ಅದು ನಿಮ್ಮ ಮನೆಗೆ ಬರುವುದಿಲ್ಲ. ರಸ್ತೆ ಕೊನೆಯ ಖಾಲಿ ಅಂಗಡಿಯ ಗಾಜಿಗೆ ಅಂಟಿಕೊಂಡಿರುತ್ತದೆ. ತಿಳಿ ನೀಲಿ ಹಾಳೆ, ಎ4 ಅಳತೆ, ಕಪ್ಪು ಅಕ್ಷರ.

ನಾನು ಅದನ್ನು ಮೊದಲ ಸಲ ನೋಡಿದಾಗ ಅಂಗಡಿ ಬಾಡಿಗೆಗಿದೆ ಅಂತ ಬರೆದಿರಬೇಕು ಅಂದುಕೊಂಡೆ. ಕಾರ್ಪೆಟ್ ಮಾರುತ್ತಿದ್ದ ಅಂಗಡಿ, ಮುಚ್ಚಿ ವರ್ಷವಾಗಿತ್ತು. ಕೆಲವು ತಿಂಗಳಾದ ಮೇಲೆ ಅಲ್ಲೊಂದು ಬಾರ್ ಶುರುವಾಯಿತು. ಸಂಗೀತ ಅಷ್ಟೇನೂ ಕಾಡಲಿಲ್ಲ. ನಿದ್ದೆ ಕೆಡಿಸಿದ್ದು ಬಾಟಲಿ. ರಾತ್ರಿ ಹನ್ನೆರಡೂವರೆಗೆ ಅಂದಿನ ಖಾಲಿ ಬಾಟಲಿಗಳನ್ನೆಲ್ಲ ಹಿಂದುಗಡೆಯ ದೊಡ್ಡ ಡಬ್ಬಕ್ಕೆ ಒಂದೇ ಸಲ ಸುರಿಯುತ್ತಿದ್ದರು. ಊರಿಂದ ಬಂದಿದ್ದ ನಮ್ಮ ಅತ್ತೆ ಮೊದಲ ರಾತ್ರಿಯೇ ಎದ್ದು ಕೂತು, "ಏನೋ ಒಡೀತು ನೋಡಿ ಅಳಿಯಂದ್ರೇ" ಅಂದರು. ಏನೂ ಒಡೆದಿರಲಿಲ್ಲ. ದಿನಾ ಹಾಗೇ.

ಕೌನ್ಸಿಲ್‌ಗೆ ಫೋನ್ ಮಾಡಿದೆ. ಅರ್ಜಿ ಬಂದಾಗ ಯಾರೂ ಆಕ್ಷೇಪಣೆ ಹಾಕಲಿಲ್ಲ, ಹಾಗಾಗಿ ಲೈಸೆನ್ಸ್ ಕೊಡಲೇಬೇಕಾಯಿತು ಅಂದರು. ಕಾನೂನು ಇರುವುದೇ ಹಾಗೆ. ಆ ಅರ್ಜಿಯ ನೋಟಿಸೇ ಆ ನೀಲಿ ಕಾಗದ, 28 ದಿನ ಗಾಜಿನ ಮೇಲಿತ್ತು. 28 ದಿನವೂ ನಾನು ಅದರ ಎದುರಿಗೇ ಬಸ್ಸಿಗೆ ಕಾದಿದ್ದೆ.

ಊರಲ್ಲಿ ಬಾರ್ ಲೈಸೆನ್ಸ್ ಅಂದರೆ ಅಬಕಾರಿ ಇಲಾಖೆ, ಅಂದರೆ ರಾಜ್ಯ ಸರ್ಕಾರದ ವ್ಯವಹಾರ. ವಾರ್ಡಿನ ಕಾರ್ಪೊರೇಟರ್ ಕೈಯಲ್ಲಿ ಅದು ಇರುವುದಿಲ್ಲ. ಇಲ್ಲಿ ಉಲ್ಟಾ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ ಇದೆ, 2005ರ ನವೆಂಬರ್‌ನಿಂದ ಪೂರ್ತಿ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಮದ್ಯದ ಲೈಸೆನ್ಸ್ ಕೊಡುತ್ತಿದ್ದದ್ದು ಮ್ಯಾಜಿಸ್ಟ್ರೇಟ್ ಕೋರ್ಟು. ಈಗ ಮದ್ಯ, ಸಂಗೀತ, ಸಿನಿಮಾ, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಿಸಿ ಊಟ ಮಾರುವುದು, ಎಲ್ಲವೂ ನಿಮ್ಮ ಲೋಕಲ್ ಕೌನ್ಸಿಲ್ ಕೈಯಲ್ಲಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಬೇರೆ ಕಾನೂನು, ಅಲ್ಲಿರುವವರು ಈ ಬರಹ ನಂಬಿಕೊಂಡು ಅರ್ಜಿ ಬರೆಯಬೇಡಿ.

ಹೊಸಬರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ. "ನಾವು ವೀಸಾದಲ್ಲಿ ಇರೋರು, ನಮಗ್ಯಾಕೆ ಸಾರ್ ಇದೆಲ್ಲ?" ನೀವು ಇಲ್ಲಿಯ ಪ್ರಜೆ ಆಗಿರಬೇಕಾಗಿಲ್ಲ. ಸ್ವಂತ ಮನೆಯೂ ಬೇಕಿಲ್ಲ. ಮೊದಲು ಅಕ್ಕಪಕ್ಕದಲ್ಲಿ ವಾಸ ಇರುವವರು, ವ್ಯಾಪಾರ ಮಾಡುವವರು ಇಷ್ಟೇ ಜನ ಆಕ್ಷೇಪಣೆ ಬರೆಯಬಹುದಿತ್ತು, 2012ರಿಂದ ಅದನ್ನೂ ತೆಗೆದುಹಾಕಿದ್ದಾರೆ. ಯಾರು ಬೇಕಾದರೂ ಬರೆಯಬಹುದು. ಇನ್ನೊಂದು ಮಾತು. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವೀಸಾದ ಮೇಲೆ ವಾಸ ಇರುವ ಭಾರತೀಯರು ವೋಟರ್ ಪಟ್ಟಿಗೆ ಹೆಸರು ಸೇರಿಸಿ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದು. ಎಷ್ಟೋ ಜನ ಐದಾರು ವರ್ಷ ಇದ್ದು ಇದು ಗೊತ್ತಿಲ್ಲದೆ ವಾಪಸ್ ಹೋಗುತ್ತಾರೆ. ಓಟಿದೆ ಅಂತ ಗೊತ್ತಾದರೆ ವಾರ್ಡಿನ ಕೌನ್ಸಿಲರ್ ನಿಮ್ಮ ಈಮೇಲಿಗೆ ಸ್ವಲ್ಪ ಬೇಗ ಉತ್ತರ ಕೊಡುತ್ತಾರೆ, ಎಲ್ಲಾ ಊರಿನ ಕಥೆಯೂ ಅಷ್ಟೇ ಅಲ್ವಾ.

ಸರಿ, ನೀಲಿ ಕಾಗದ ಕಂಡಿತು. ಫೋನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಯಾರು ಅರ್ಜಿ ಹಾಕಿದ್ದಾರೆ, ಏನು ಮಾಡಲು ಕೇಳಿದ್ದಾರೆ, ಕೌನ್ಸಿಲ್‌ಗೆ ಯಾವ ತಾರೀಖಿನೊಳಗೆ ಬರೆಯಬೇಕು ಅನ್ನುವುದು ಅದರಲ್ಲೇ ಇರುತ್ತದೆ. ಆ ತಾರೀಖು ದಾಟಿದರೆ ಮುಗಿಯಿತು, ಒಂದು ದಿನ ತಡವಾದರೂ ತೆಗೆದುಕೊಳ್ಳುವುದಿಲ್ಲ. ಬಿಳಿ ಕಾಗದ ಅಂಟಿಸಿದ್ದರೆ ಅದು ಇರುವ ಲೈಸೆನ್ಸಿನಲ್ಲಿ ಸಣ್ಣ ಬದಲಾವಣೆಗೆ, ಅದಕ್ಕೆ 10 ಕೆಲಸದ ದಿನ ಮಾತ್ರ. ಪೂರ್ತಿ ಅರ್ಜಿ ಕೌನ್ಸಿಲ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಲೈಸೆನ್ಸಿಂಗ್ ಟೀಮಿಗೆ ಫೋನ್ ಮಾಡಿ ಕೇಳಿ.

ನಮ್ಮವರು ಎಡವುವುದು ಇದರ ಮುಂದೆ.

ಕೌನ್ಸಿಲ್ ನಾಲ್ಕೇ ವಿಷಯ ನೋಡುತ್ತದೆ. ಅಪರಾಧ ಮತ್ತು ಗಲಾಟೆ ತಡೆಯುವುದು, ಜನರ ಸುರಕ್ಷತೆ, ಸುತ್ತಲಿನವರಿಗೆ ಕಿರಿಕಿರಿ ಆಗದಂತೆ ನೋಡುವುದು, ಮಕ್ಕಳಿಗೆ ಕೆಡುಕಾಗದಂತೆ ನೋಡುವುದು. ನಿಮ್ಮ ಮಾತು ಈ ನಾಲ್ಕರಲ್ಲಿ ಒಂದಕ್ಕೆ ತಗುಲಬೇಕು. "ಕುಡಿತ ಕೆಟ್ಟದ್ದು" ಅನ್ನುವುದು ತಗುಲುವುದಿಲ್ಲ. "ಈ ರಸ್ತೆಗೆ ಇನ್ನೊಂದು ಬಾರ್ ಯಾಕೆ ಬೇಕು", ಅದೂ ಇಲ್ಲ. "ಮನೆ ಬೆಲೆ ಇಳಿಯುತ್ತದೆ", ಇಲ್ಲ. ಕರ್ನಾಟಕದಲ್ಲಿ ದೇವಸ್ಥಾನ, ಶಾಲೆಯಿಂದ 100 ಮೀಟರ್ ದೂರ ಇರಬೇಕು ಅನ್ನುವ ನಿಯಮ ಇದೆ. ಅದನ್ನೇ ತಲೆಯಲ್ಲಿಟ್ಟುಕೊಂಡು ನಮ್ಮವರೊಬ್ಬರು ಎರಡು ಪುಟ ಬರೆದಿದ್ದರು, ಅಂಗಡಿ ಪಕ್ಕದ ಹಾಲ್‌ನಲ್ಲಿ ನಾವು ಭಜನೆ ಮಾಡುತ್ತೇವೆ ಅಂತ. ಇಲ್ಲಿ ಅಂಥ ಅಳತೆ ಯಾವುದೂ ಇಲ್ಲ. ಭಜನೆ ಮುಗಿಸಿ ಮಕ್ಕಳು ಹೊರಬರುವ ಹೊತ್ತಿಗೇ ಬಾಗಿಲ ಮುಂದೆ ಗುಂಪು ನಿಲ್ಲುತ್ತದೆ ಅಂತ ಬರೆದಿದ್ದರೆ ಒಂದು ತೂಕ ಬರುತ್ತಿತ್ತು.

ಊಹೆಗೂ ಬೆಲೆ ಇಲ್ಲ. ಲಿವರ್‌ಪೂಲ್ ಹತ್ತಿರದ ವಿರಲ್‌ನ ಒಂದು ಪಬ್ಬಿನ ಕೇಸು 2008ರಲ್ಲಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಡೇನಿಯಲ್ ಥ್ವೇಟ್ಸ್ ಕೇಸು ಅಂತ ಲೈಸೆನ್ಸಿಂಗ್ ವಕೀಲರೆಲ್ಲ ಅದನ್ನು ಎತ್ತಿ ಹೇಳುತ್ತಾರೆ. ಹೊತ್ತು ಜಾಸ್ತಿ ಆದರೆ ಗಲಾಟೆ ಆಗಬಹುದು ಅನ್ನುವ ಭಯದ ಮೇಲೆ, ಕೌನ್ಸಿಲ್ ಕೊಟ್ಟಿದ್ದ ಸಮಯವನ್ನು ಮೇಲ್ಮನವಿಯಲ್ಲಿ ಮ್ಯಾಜಿಸ್ಟ್ರೇಟರು ಕಡಿಮೆ ಮಾಡಿದ್ದರು. ಆದರೆ ಆ ಪಬ್ಬು ಅಷ್ಟು ಹೊತ್ತಿಗಾಗಲೇ ಹೆಚ್ಚಿನ ಸಮಯ ನಡೆದಿತ್ತು, ಹೇಳಿಕೊಳ್ಳುವಂಥ ದೂರು ಇರಲಿಲ್ಲ. ಹೈಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಪುರಾವೆ ಎಲ್ಲಿ ಅನ್ನುವುದೇ ಅಲ್ಲಿನ ಪ್ರಶ್ನೆ.

ಹಾಗಂತ ಮನೆಯವರ ಮಾತು ಗಾಳಿಗೆ ಹೋಗುತ್ತದೆ ಅಂತಲ್ಲ. ಲಂಡನ್ನಿನ ಸೋಹೊದಲ್ಲಿ ಬರ್ವಿಕ್ ಸ್ಟ್ರೀಟಿನ ಒಂದು ಪಬ್ಬಿನ ಮುಂದೆ ಜನ ಗ್ಲಾಸು ಹಿಡಿದು ರಸ್ತೆಯಲ್ಲೇ ನಿಲ್ಲುತ್ತಿದ್ದರು. ಅಕ್ಕಪಕ್ಕದವರು ದೂರು ಕೊಟ್ಟರು. ಸಂಜೆ 6ರ ಮೇಲೆ ತೆರೆದ ಗ್ಲಾಸು ಹೊರಗೆ ಒಯ್ಯುವ ಹಾಗಿಲ್ಲ ಅಂತ ವೆಸ್ಟ್‌ಮಿನ್ಸ್ಟರ್ ಕೌನ್ಸಿಲ್ ಷರತ್ತು ಹಾಕಿತು. ಪಬ್ಬಿನವರು ಒಂದೊಂದೇ ಕೋರ್ಟು ಹತ್ತಿ 2011ರಲ್ಲಿ ಕೋರ್ಟ್ ಆಫ್ ಅಪೀಲ್‌ವರೆಗೆ ಹೋದರು. ಕೌನ್ಸಿಲ್ ತೀರ್ಮಾನವೇ ನಿಂತಿತು. ಬೆಂಗಳೂರಿನ ಇಂದಿರಾನಗರದಲ್ಲಿ ಪಬ್ ಸದ್ದಿನ ವಿರುದ್ಧ ಮನೆಯವರು ಎಷ್ಟು ಅಲೆದಿದ್ದಾರೆ ಅಂತ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ನಮ್ಮ ಬಾರಿನ ಕಥೆಗೆ ಬರುತ್ತೇನೆ. ಎರಡು ವರ್ಷದ ಮೇಲೆ ಮತ್ತೆ ನೀಲಿ ಕಾಗದ ಬಂತು. ರಾತ್ರಿ 2ರವರೆಗೆ ತೆರೆಯಬೇಕು ಅಂತ ಅರ್ಜಿ. ಈ ಸಲ ಓದಿದೆ. ಐದು ಮನೆಯವರು ಬರೆದೆವು, ಐದೂ ಬೇರೆ ಬೇರೆ ಪತ್ರ. ಒಂದೇ ಒಕ್ಕಣೆಗೆ ಐವತ್ತು ಸಹಿ ಹಾಕಿಸುವುದಕ್ಕಿಂತ ಇದು ಎಷ್ಟೋ ಮೇಲು. ಎದುರು ಮನೆಯ ಅಜ್ಜಿ, ಎಂಬತ್ತು ದಾಟಿದ ಇಂಗ್ಲಿಷ್ ಅಜ್ಜಿ, ಒಂದು ಡೈರಿ ಇಟ್ಟಿದ್ದರು. ತಾರೀಖು, ಗಂಟೆ, ಏನು ಸದ್ದು, ಎಷ್ಟು ಹೊತ್ತು. ಒಂದು ದಿನದ ಪುಟದಲ್ಲಿ "12.34, ಬಾಟಲಿ, 4 ನಿಮಿಷ" ಅಂತಷ್ಟೇ ಇತ್ತು. ನನ್ನ ಉದ್ದದ ಪತ್ರಕ್ಕಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡಿತು.

ಒಂದು ಎಚ್ಚರಿಕೆ. ನೀವು ಬರೆದರೆ ನಿಮ್ಮ ಹೆಸರು, ವಿಳಾಸ ಅರ್ಜಿದಾರರಿಗೆ ಹೋಗುತ್ತದೆ. ನಿಜವಾಗಿ ಬೆದರಿಕೆಯ ಭಯ ಇದ್ದರೆ ಮಾತ್ರ ಕೌನ್ಸಿಲ್ ಅದನ್ನು ಮುಚ್ಚಿಡಬಹುದು. ಅದು ಇಷ್ಟವಿಲ್ಲದವರು ಕೌನ್ಸಿಲರ್‌ಗೆ ಹೇಳಿ, ಅವರೇ ಬರೆಯಬಹುದು. ಕೌನ್ಸಿಲ್ಲಿನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೂ ಹಳೆ ಸದ್ದಿನ ದೂರುಗಳನ್ನು ನೆನಪಿಸಿ. ಅವರೂ ಆಕ್ಷೇಪಣೆ ಹಾಕಿದರೆ ಬಲ ಬರುತ್ತದೆ.

ಆಕ್ಷೇಪಣೆ ಬಂದು, ಎರಡೂ ಕಡೆ ಒಪ್ಪಂದ ಆಗದಿದ್ದರೆ ಹಿಯರಿಂಗ್. 28 ದಿನ ಮುಗಿದ ಮೇಲೆ 20 ಕೆಲಸದ ದಿನದೊಳಗೆ. ಕೋರ್ಟಿನ ಹಾಗೆ ಇರುತ್ತೇನೋ ಅಂತ ನಾನು ಕೋಟು ಹಾಕಿಕೊಂಡು ಹೋಗಿದ್ದೆ. ಟೌನ್ ಹಾಲಿನ ಒಂದು ಮೀಟಿಂಗ್ ರೂಮು, ಮೂವರು ಕೌನ್ಸಿಲರ್‌ಗಳು, ಒಬ್ಬ ಕಾನೂನು ಸಲಹೆಗಾರ, ಒಂದು ಜಗ್ ನೀರು. ಎರಡೂ ಕಡೆಗೆ ಒಂದೇ ಸಮ ಹೊತ್ತು. ಬಾರಿನವರು ವಕೀಲರನ್ನು ಕರೆತಂದಿದ್ದರು, ನಮಗೆ ಅಜ್ಜಿ ಇದ್ದರು. ಫೋಟೋ, ರೆಕಾರ್ಡಿಂಗ್ ಇದ್ದರೆ ಮೊದಲೇ ಕಳಿಸಿ. ಆ ದಿನ ಹೊಸದಾಗಿ ತೋರಿಸಬೇಕೆಂದರೆ ಎದುರಿನವರೂ ಒಪ್ಪಬೇಕು. ಅಧ್ಯಕ್ಷೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ?

2 ಗಂಟೆ ಸಿಗಲಿಲ್ಲ. ಶುಕ್ರವಾರ, ಶನಿವಾರ ಮಾತ್ರ 1ರವರೆಗೆ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಹೊರಗೆ ಬಾಟಲಿ ಸುರಿಯುವ ಹಾಗಿಲ್ಲ ಅಂತ ಷರತ್ತು. ತೃಪ್ತಿ ಇಲ್ಲದವರು 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ಬಾರಿನವರೂ, ನಾವೂ. ಸೋತರೆ ಖರ್ಚು ತಲೆಗೆ ಬೀಳಬಹುದು, ಅದಕ್ಕೇ ವಕೀಲರನ್ನು ಕೇಳದೆ ಹೋಗಬೇಡಿ. ಯಾರೂ ಹೋಗಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಬಾರಿನ ಮ್ಯಾನೇಜರ್ ಬಂದು ಕೈ ಕುಲುಕಿ, "ಬಾಟಲಿ ವಿಷಯ ಮೊದಲೇ ಬಂದು ಹೇಳಬಾರದಿತ್ತಾ?" ಅಂದ. ನಾಚಿಕೆ ಆಯಿತು. ಎರಡು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಒಂದು ದಿನವೂ ಒಳಗೆ ಹೋಗಿ ಮಾತಾಡಿರಲಿಲ್ಲ. ನೀವು ಮೊದಲು ಅದನ್ನು ಮಾಡಿ.

ಮಾತಾಡಿಯೂ ಆಗದಿದ್ದರೆ ಲೈಸೆನ್ಸ್ ರಿವ್ಯೂ ಕೇಳುವ ದಾರಿ ಇದೆ, ಅದಕ್ಕೆ ನೀಲಿ ಕಾಗದ ಕಾಯಬೇಕಿಲ್ಲ. ಕೌನ್ಸಿಲ್ ಸಮಯ ಕಡಿಮೆ ಮಾಡಬಹುದು, ಮೂರು ತಿಂಗಳವರೆಗೆ ಲೈಸೆನ್ಸ್ ತಡೆಹಿಡಿಯಬಹುದು, ಪೂರ್ತಿ ರದ್ದೂ ಮಾಡಬಹುದು. ಇದಕ್ಕಂತೂ ಡೈರಿ ಇಲ್ಲದೆ ಹೋಗಲೇಬೇಡಿ. ಮನೆ ನೋಡುತ್ತಿರುವವರಿಗೆ ಒಂದು ಸುಲಭದ ಮಾತು: ಸಹಿ ಹಾಕುವ ಮೊದಲು ಕೌನ್ಸಿಲ್ಲಿನ ಲೈಸೆನ್ಸ್ ರಿಜಿಸ್ಟರ್ ನೋಡಿ, ಆಮೇಲೆ ಶುಕ್ರವಾರ ರಾತ್ರಿ 11ಕ್ಕೆ ಆ ರಸ್ತೆಯಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ಬನ್ನಿ. ಏಜೆಂಟರು ಮನೆ ತೋರಿಸುವುದು ಮಂಗಳವಾರ ಮಧ್ಯಾಹ್ನವೇ.

ಇನ್ನು ನಾವೇ ಸದ್ದು ಮಾಡುವ ಕಡೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವಾಗ ಹೊಸಬರನ್ನೇ ಓಡಾಡಿಸುವುದು ಸಂಪ್ರದಾಯ, ಆದ್ದರಿಂದ ತಿಳಿದಿರಲಿ. ಮೈಕಿಲ್ಲದ ಹಾಡು, ಡೊಳ್ಳು ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಲೈಸೆನ್ಸ್ ಇಲ್ಲದೆ ನಡೆಯುತ್ತದೆ. ಅದೇ ಸಮಯದೊಳಗೆ 500 ಜನದವರೆಗಿನ ನಾಟಕ, ನೃತ್ಯಕ್ಕೂ ಬೇಡ. ಮದ್ಯ ಮಾರುವುದಾದರೆ ಬೇಕು. ಊಟದ ಟಿಕೆಟ್ಟಿನ ದುಡ್ಡಿನಲ್ಲೇ ಒಂದು ಗ್ಲಾಸ್ ವೈನ್ ಸೇರಿಸಿದ್ದರೂ ಅದು ಮಾರಾಟವೇ. ಹಾಲ್‌ಗೆ ಲೈಸೆನ್ಸ್ ಇಲ್ಲದಿದ್ದರೆ ಟೆಂಪರರಿ ಇವೆಂಟ್ ನೋಟಿಸ್ ಕೊಡಬೇಕು, ಫೀಸು 21 ಪೌಂಡ್. 10 ಕೆಲಸದ ದಿನ ಮುಂಚೆ ಕೌನ್ಸಿಲ್‌ಗೆ ತಲುಪಬೇಕು, ಕೆಲಸಗಾರರೂ ಸೇರಿ ಒಟ್ಟು 499 ಜನ ಮೀರಬಾರದು. ಇದಕ್ಕೆ ಅಡ್ಡಿ ಹೇಳಬಲ್ಲವರು ಪೊಲೀಸರು ಮತ್ತು ಎನ್ವಿರಾನ್‌ಮೆಂಟಲ್ ಹೆಲ್ತ್‌ನವರು ಮಾತ್ರ. ಅಕ್ಕಪಕ್ಕದ ಮನೆಯವರಿಗೆ ಆ ಹಕ್ಕಿಲ್ಲ. ಆದರೂ ನಾವು ಕಾರ್ಯಕ್ರಮದ ಹಿಂದಿನ ವಾರ ಆ ಬೀದಿಯ ಮನೆಗಳಿಗೆ ಒಂದು ಚೀಟಿ ಹಾಕುತ್ತೇವೆ, ಜೊತೆಗೆ ಒಂದು ಫೋನ್ ನಂಬರ್.

ಹೋದ ಸಲ ಆ ನಂಬರಿಗೆ ಒಂದೇ ಕರೆ ಬಂತು. ಡೊಳ್ಳಿಗಲ್ಲ. ಕಾರ್ಯಕ್ರಮ ಹತ್ತಕ್ಕೇ ಮುಗಿದಿತ್ತು. ಆಮೇಲೆ ನಾವು ನಲವತ್ತು ಜನ ಹೊರಡ್ತೀವಿ, ಹೊರಡ್ತೀವಿ ಅನ್ನುತ್ತಾ ಕಾರಿನ ಬಾಗಿಲು ಹಿಡಿದುಕೊಂಡು ಪಾರ್ಕಿಂಗಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೆವು. ಪಕ್ಕದ ಮನೆಯವರು ಸಿಟ್ಟಿಲ್ಲದೆ ಕೇಳಿದರು, "ನಿಮ್ಮವರು ಬಾಯ್ ಹೇಳೋಕೆ ಸಾಮಾನ್ಯವಾಗಿ ಎಷ್ಟು ಹೊತ್ತು ತಗೋತಾರೆ?"