ಚೀಲ ತುಂಬುವ ಮೊದಲು

ಮನೆಗೆ ಬಂದದ್ದು ಹೊಟ್ಟೆಗೆ ಹೋಗೇ ಹೋಗುತ್ತದೆ. ಡಬ್ಬದಲ್ಲಿ ಬಿಸ್ಕತ್ತು ಇದ್ದರೆ ಮೊಮ್ಮಕ್ಕಳೂ ತಿನ್ನುತ್ತಾರೆ, ಸಕ್ಕರೆ ಕಾಯಿಲೆ ಇರುವ ನಮ್ಮ ಯಜಮಾನರೂ ತಿನ್ನುತ್ತಾರೆ. ಬೈದು ಪ್ರಯೋಜನ ಇಲ್ಲ. ಅದಕ್ಕೇ ಊಟ ತಿಂಡಿ ಸ್ವಲ್ಪ ಬದಲಾಯಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅಡುಗೆ ಹೇಳಿಕೊಡುವುದಿಲ್ಲ. ನಿಮ್ಮ ತಿಂಗಳ ಸಾಮಾನಿನ ಚೀಟಿ ತೋರಿಸಿ ಅನ್ನುತ್ತೇನೆ.

ನಾನು ಮದುವೆಯಾಗಿ ಹಾಸನಕ್ಕೆ ಬಂದಾಗ ನಮ್ಮ ಚೀಟಿ ತುಂಬಾ ಚಿಕ್ಕದಿತ್ತು. ಬೇಳೆ, ಬೆಲ್ಲ, ಉಪ್ಪು, ಹುಣಸೆಹಣ್ಣು, ಒಣಮೆಣಸಿನಕಾಯಿ, ಕಾಫಿಪುಡಿ, ಸೋಪು. ರಾಗಿ, ಹುರುಳಿ, ಅವರೆ, ತೆಂಗಿನಕಾಯಿ ಎಲ್ಲ ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಿಂದ ಬಸ್ಸಿನ ಟಾಪ್ ಮೇಲೆ ಬರುತ್ತಿತ್ತು. ಮುದ್ದೆ ಆದ ಮೇಲೆ ಒಂದು ಹಿಡಿ ಅನ್ನ. ಚಪಾತಿ ಅಂದರೆ ನೆಂಟರು ಬಂದಾಗ. ಆಮೇಲೆ ಮಾಡುವವರಿಲ್ಲದೆ ಜಮೀನು ಗುತ್ತಿಗೆಗೆ ಹೋಯಿತು. ಅನ್ನ ಮುಂದೆ ಬಂತು, ಮುದ್ದೆ ಹಿಂದೆ ಸರಿಯಿತು. ಬೆಳಗ್ಗೆ ರೊಟ್ಟಿ ಹೋಗಿ ಬ್ರೆಡ್ಡು ಬಂತು, ಸಂಜೆಗೆ ನೂಡಲ್ಸ್. ಚೀಟಿ ಮೊಳದುದ್ದ ಆಯಿತು. ಯಜಮಾನರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ನಾನು ಪೆನ್ನು ಹಿಡಿದು ಆ ಚೀಟಿಯನ್ನೇ ತಿದ್ದಲು ಕೂತೆ.

ತಿದ್ದುವಾಗ ಒಂದು ಮಾತು ನೆನಪಿಡಿ. ಎಲ್ಲವನ್ನೂ ಒಂದೇ ಸಲ ಕಿತ್ತು ಹಾಕಬೇಡಿ, ಮನೆಯವರು ತಿರುಗಿ ಬೀಳುತ್ತಾರೆ. ತಿಂಗಳಿಗೆ ಒಂದು ಸಾಮಾನು ಬದಲಾಯಿಸಿದರೆ ಸಾಕು. ಒಂದು ತಿಂಗಳು ಸಕ್ಕರೆ ಕಡಿಮೆ ತನ್ನಿ. ಇನ್ನೊಂದು ತಿಂಗಳು ಎಣ್ಣೆ. ಅದು ರೂಢಿಯಾದ ಮೇಲೆ ಅಕ್ಕಿ.

ರಾಗಿ ವಿಷಯಕ್ಕೆ ಬರೋಣ, ಹಾಸನದವಳಾಗಿ ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಿಟ್ಟಿನ ಪ್ಯಾಕೆಟ್ ಬೇಡ, ರಾಗಿಯನ್ನೇ ತನ್ನಿ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ನೆಲದೊಳಗೆ ಹಗೇವು ತೋಡಿ ತುಂಬಿಸಿಡುತ್ತಿದ್ದರು, ಬರಗಾಲಕ್ಕೆ ಅದೇ ಆಸರೆ. ಆದರೆ ಹಿಟ್ಟು ಮಾಡಿದ ಮೇಲೆ ಹಾಗಲ್ಲ. ಸಿಪ್ಪೆಯ ಸಮೇತ ಬೀಸುವುದರಿಂದ ಅದರ ಜಿಡ್ಡು ಬೇಗ ಕಮಟಾಗುತ್ತದೆ. ಪ್ಯಾಕೆಟ್ ಹಿಟ್ಟಿನ ಮುದ್ದೆ ಒಂದೊಂದು ಸಲ ಕಹಿ ಬರುವುದು ಇದರಿಂದಲೇ. ಒಂದು ತಿಂಗಳಿಗೆ ಬೇಕಾದಷ್ಟೇ ಬೀಸಿಸಿ.

ಅಂಗಡಿಯಲ್ಲಿ ರಾಗಿಯನ್ನು ಒಂದು ಹಿಡಿ ತೆಗೆದುಕೊಂಡು ಮತ್ತೆ ಚೀಲಕ್ಕೇ ಸುರಿಯಿರಿ. ಅಂಗೈಯಲ್ಲಿ ದೂಳು ಎಷ್ಟು ಉಳಿಯಿತು ನೋಡಿ. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯಿರಿ, ಕಲ್ಲಿದ್ದರೆ ಹಲ್ಲಿಗೆ ಗೊತ್ತಾಗುತ್ತದೆ, ತೇವ ಇದ್ದರೂ ಗೊತ್ತಾಗುತ್ತದೆ. ಮುದ್ದೆಗೆ ಹಳೇ ರಾಗಿಯೇ ಚೆನ್ನ. ಹೊಸದಾಗಿ ಒಕ್ಕಣೆ ಆದದ್ದು ಕೈಗೆ ಅಂಟುತ್ತದೆ. ಮನೆಗೆ ತಂದು ಮೊರದಲ್ಲಿ ಕೇರಿ, ನೀರಿನಲ್ಲಿ ಜಾಲಿಸಿ, ತಾರಸಿ ಮೇಲೆ ಗರಿಗರಿಯಾಗಿ ಒಣಗಿಸಿ. ಮಿಲ್ಲಿನಲ್ಲಿ ಖಾರದಪುಡಿ ಮಾಡಿದ ಮೆಷಿನ್ನಿಗೆ ಹಾಕಿಸಬೇಡಿ, ಇದನ್ನು ಬಾಯಿಬಿಟ್ಟು ಕೇಳಬೇಕು. ಹಿಟ್ಟು ಬಿಸಿಯಾಗಿ ಬರುತ್ತದೆ. ಅದನ್ನು ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗೆ ಬೆವತು ಗಂಟು ಕಟ್ಟುತ್ತದೆ. ಬಟ್ಟೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿಸಿ.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇದರ ಹತ್ತನೇ ಒಂದು ಭಾಗವೂ ಇಲ್ಲ. ನಮ್ಮಂಥ ವಯಸ್ಸಾದ ಹೆಂಗಸರ ಮೂಳೆಗೆ ಇದು ಬೇಕು. ಹಾಗಂತ ಸಕ್ಕರೆ ಕಾಯಿಲೆಗೆ ರಾಗಿ ಔಷಧಿ ಅಂದುಕೊಂಡು ಎರಡೆರಡು ಮುದ್ದೆ ಇಳಿಸುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ರಾಗಿಯಲ್ಲೂ 100 ಗ್ರಾಮಿಗೆ ಹೆಚ್ಚುಕಡಿಮೆ 70 ಗ್ರಾಂ ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಇರಲಿ. ನೀರಾಗಿ ಕಾಯಿಸಿದ ಗಂಜಿಗಿಂತ ಮುದ್ದೆ, ರೊಟ್ಟಿ ವಾಸಿ.

ನಮ್ಮ ಸೊಸೆ ಕರಾವಳಿಯವಳು. ಮುದ್ದೆ ನುಂಗುವುದು ಅವಳಿಗೆ ಬರಲೇ ಇಲ್ಲ, ಪಾಪ, ಅಗಿಯುತ್ತಾ ಕೂರುತ್ತಿದ್ದಳು. ಬಲವಂತ ಯಾಕೆ? ಒಂದು ಲೋಟ ಉದ್ದು ನೆನೆಸಿ ರುಬ್ಬಿ, ಮೂರು ಲೋಟ ರಾಗಿ ಹಿಟ್ಟು ಸೇರಿಸಿ ರಾತ್ರಿ ಕಲಸಿಟ್ಟರೆ ಬೆಳಗ್ಗೆ ಒಳ್ಳೆ ದೋಸೆ ಆಗುತ್ತದೆ. ಈಗ ಅವಳೇ ರಾಗಿ ಮುಗಿದಿದೆ ಅಂತ ನೆನಪಿಸುತ್ತಾಳೆ.

ಅಕ್ಕಿಯಲ್ಲಿ ನಮ್ಮ ಕಡೆಯವರು ಕೇಳಬೇಕಾದದ್ದು ರಾಜಮುಡಿ. ಹೊಳೆನರಸೀಪುರ, ಅರಕಲಗೂಡು ಕಡೆ ಬೆಳೆಯುವ ಕೆಂಪಕ್ಕಿ ಇದು. ಮೈಸೂರು ಅರಸರ ಮನೆಗೆ ಹೋಗುತ್ತಿತ್ತು ಅಂತ ಹಿರಿಯರು ಹೇಳುತ್ತಿದ್ದರು. ಕೊಳ್ಳುವಾಗ ಕೆಂಪು ಗೆರೆ ಉಳಿದಿದೆಯಾ ನೋಡಿ. ಪಾಲಿಶ್ ಮಾಡಿ ಬೆಳ್ಳಗೆ ಮಾಡಿದ್ದರೆ ಜಾಸ್ತಿ ದುಡ್ಡು ಕೊಟ್ಟು ತರುವುದು ಸುಮ್ನೆ. ಒಂದು ಗಂಟೆ ನೆನೆಸಿ, ನೀರು ಸ್ವಲ್ಪ ಜಾಸ್ತಿ ಇಟ್ಟು ಬೇಯಿಸಬೇಕು. ಮಕ್ಕಳು ಮುಖ ಸಿಂಡರಿಸಿದರೆ ಮೊದಲು ಸೋನಾಮಸೂರಿ ಜೊತೆ ಸೇರಿಸಿ ಮಾಡಿ. ರಾಜಮುಡಿ ಮೊದಲೇ ನೆನೆದಿರಲಿ, ಸೋನಾಮಸೂರಿಯನ್ನು ಒಲೆ ಮೇಲಿಡುವ ಹೊತ್ತಿಗೆ ಸೇರಿಸಿ. ಇಲ್ಲದಿದ್ದರೆ ಒಂದು ಬೆಂದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲ.

ಪ್ಯಾಕೆಟ್ಟಾ, ಬಿಡಿ ತೂಕವಾ ಅಂತ ಬಹಳ ಜನ ಕೇಳುತ್ತಾರೆ. 2022ರ ಜುಲೈನಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್ಟಿಗೆ ಶೇ. 5 ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೆ ಇಲ್ಲ. ಅದು ಒಂದು. ಕೈಯಲ್ಲಿ ಮುಟ್ಟಿ, ಮೂಸಿ ನೋಡಬಹುದು, ಅದು ಇನ್ನೊಂದು. ನಮ್ಮ ಮನೆಗೆ ಬೇಳೆಕಾಳು ಬಿಡಿಯಾಗಿಯೇ ಬರುತ್ತದೆ. ತೊಗರಿಬೇಳೆಯಲ್ಲಿ ಒಂದು ಕಡೆ ಚಪ್ಪಟೆ, ಮೂಲೆ ಮೂಲೆಯಾಗಿ ಕಾಣುವ ಬೇಳೆ ಇದ್ದರೆ ಬೇಡ ಅನ್ನಿ, ಆರೋಗ್ಯಕ್ಕೆ ಒಳ್ಳೆಯದಲ್ಲದ ಕೇಸರಿ ಬೇಳೆ ಬೆರೆಸಿರಬಹುದು. ಮಸಾಲೆ ಪುಡಿಯನ್ನು ಮಾತ್ರ ಬಿಡಿಯಾಗಿ ತರಬೇಡಿ. ಧನಿಯಾ, ಮೆಣಸಿನಕಾಯಿ ತಂದು ಮನೆಯಲ್ಲೇ ಹುರಿದು ಮಾಡಿಸಿ.

ಇನ್ನು ತರಕಾರಿ. ಕಟ್ಟಿನಕೆರೆ ಮಾರುಕಟ್ಟೆಗೆ ಬೆಳಗ್ಗೆ ಹೋದರೆ ಒಳ್ಳೆ ಮಾಲು ಸಿಗುತ್ತದೆ, ಸಂಜೆ ಹೋದರೆ ಒಳ್ಳೆ ರೇಟು ಸಿಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಸೊಪ್ಪು ಬೆಳಗ್ಗೆಯೇ ತರಬೇಕು. ಕುಂಬಳಕಾಯಿ, ಸೀಮೆಬದನೆ, ಈರುಳ್ಳಿಗೆ ಸಂಜೆಯೇ ಸಾಕು. ಗುಡ್ಡೆ ಲೆಕ್ಕದಲ್ಲಿ ಕೊಳ್ಳುವಾಗ ಮೇಲಿನ ನಾಲ್ಕು ಕಾಯಿ ನೋಡಿ ಮರುಳಾಗಬೇಡಿ, ಹಿಂದಿನ ಸಾಲು ಸ್ವಲ್ಪ ಸರಿಸಿ ನೋಡಿ. ಹಳ್ಳಿಯಿಂದ ಬಂದು ನೆಲದ ಮೇಲೆ ಕೂತ ಅಜ್ಜಿಯರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಬೇಡ. ಅವರೇ ಖುಷಿಯಾಗಿ ಒಂದು ಹಿಡಿ ಕೊಸರು ಹಾಕುತ್ತಾರೆ. ಮಳೆ ಬಿದ್ದ ಮೇಲೆ ಅವರು ಹೊಲದ ಬದಿಯಿಂದ ಕಿತ್ತು ತರುವ ಬೆರಕೆ ಸೊಪ್ಪು ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ಇಲ್ಲ. ಒಂದು ಕಟ್ಟು ತಂದರೆ ಬಸ್ಸಾರು, ಪಲ್ಯ ಎರಡೂ ಆಯಿತು. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆಗೆದಿರುವ ದಿನಗಳಲ್ಲಿ ಮಾತ್ರ ಪೇಟೆ ಕಡೆ ಹೋಗುವ ಸಾಹಸ ಬೇಡ. ಜನಜಂಗುಳಿ. ವಾರಕ್ಕೆ ಆಗುವಷ್ಟು ಮೊದಲೇ ತಂದಿಡಿ.

ಆಲೂಗಡ್ಡೆ ನಮ್ಮ ಜಿಲ್ಲೆಯ ಬೆಳೆ, ಆದರೂ ಕೊಳ್ಳಲು ತಿಳಿದವರು ಕಡಿಮೆ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ತರಿಸಿ, ಮೇ–ಜೂನ್ ಮಳೆಗೆ ನೆಟ್ಟರೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಸ ಗಡ್ಡೆ ಬರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಅದೇ ಹೊಸದರ ಗುರುತು. ಸಾರಿಗೆ, ಪಲ್ಯಕ್ಕೆ ಅದರ ರುಚಿಯೇ ಬೇರೆ. ಆದರೆ ಮೂಟೆಗಟ್ಟಲೆ ತರಬೇಡಿ. ಮಳೆಯಲ್ಲಿ ಕಿತ್ತ ಗಡ್ಡೆಗೆ ಒದ್ದೆ ಮಣ್ಣು ಮೆತ್ತಿರುತ್ತದೆ, ವಾರದೊಳಗೆ ಒಂದು ಕೊಳೆತರೆ ಪಕ್ಕದ್ದೂ ಹೋಗುತ್ತದೆ. ತಂದ ತಕ್ಷಣ ತೊಳೆಯದೆ, ಹರಡಿ ಆರಲು ಬಿಡಿ. ಕತ್ತಲಿರುವ, ಗಾಳಿ ಆಡುವ ಜಾಗದಲ್ಲಿ ಇಡಿ. ಈರುಳ್ಳಿ ಬುಟ್ಟಿ ದೂರ ಇರಲಿ, ಎರಡೂ ಜೊತೆಗಿದ್ದರೆ ಬೇಗ ಮೊಳಕೆ ಬರುತ್ತದೆ. ಫ್ರಿಜ್ಜಿನಲ್ಲಿ ಬೇಡ. ತಣ್ಣಗಾದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹುರಿದರೆ ಬೇಗ ಕಪ್ಪಗಾಗುತ್ತದೆ. ಬೆಳಕು ಬಿದ್ದು ಹಸಿರಾದ ಭಾಗದಲ್ಲಿ ವಿಷದ ಅಂಶ ಇರುತ್ತದೆ. ಸ್ವಲ್ಪ ಇದ್ದರೆ ಆಳವಾಗಿ ಕೆತ್ತಿ ತೆಗೆಯಿರಿ. ಜಾಸ್ತಿ ಇದ್ದರೆ ಎಸೆಯಿರಿ, ಬೇಜಾರು ಮಾಡಿಕೊಳ್ಳಬೇಡಿ.

ಅವರೆಕಾಯಿ ಕಾಲ ಬಂತು ಅಂದರೆ ನಮ್ಮ ಚೀಟಿಯಿಂದ ಬೇಳೆ ಅರ್ಧ ಮಾಯ. ಡಿಸೆಂಬರ್, ಜನವರಿಯ ಚಳಿಗೆ ಬರುವ ಕಾಯಿ ಕೈಗೆ ಜಿಡ್ಡು ಜಿಡ್ಡಾಗಿ ಹತ್ತಬೇಕು, ಮೂಗಿಗೆ ಸೊಗಡು ಬಡಿಯಬೇಕು. ಸೊಗಡಿಲ್ಲದ ಅವರೆ ಎಲ್ಲ ಕಾಲದಲ್ಲೂ ಸಿಗುತ್ತದೆ, ನಾನು ಮುಟ್ಟುವುದಿಲ್ಲ. ಕಾಯಿ ಉಬ್ಬಿರಲಿ, ತೂತು ಇದ್ದರೆ ಒಳಗೆ ಹುಳ ಇದೆ. ಒಂದು ಕೆಜಿ ಸುಲಿದರೆ ಕಾಳು ಅರ್ಧ ಕೆಜಿಯೂ ಸಿಗುವುದಿಲ್ಲ, ಆ ಲೆಕ್ಕದಲ್ಲಿ ತನ್ನಿ. ಹಿದುಕಿದ ಬೇಳೆ ಮಾರುವವರು ನೀರಿನಲ್ಲಿ ಹಾಕಿಟ್ಟಿರುತ್ತಾರೆ. ಮೂಸಿ ನೋಡಿ, ಹುಳಿ ವಾಸನೆ ಬಂದರೆ ಬಿಡಿ. ಸಂಕ್ರಾಂತಿ ಹೊತ್ತಿಗೆ ರೇಟು ಇಳಿದಾಗ ಜಾಸ್ತಿ ತಂದು, ಟಿವಿ ನೋಡುವವರ ಮುಂದೆಲ್ಲ ಒಂದೊಂದು ತಟ್ಟೆ ಇಟ್ಟುಬಿಡಿ. ಸುಲಿದದ್ದು ಗೊತ್ತೇ ಆಗುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಬೇಸಿಗೆವರೆಗೂ ಬರುತ್ತದೆ.

ಬೆಲೆ ಏರಿದಾಗ ಅಡುಗೆ ಬದಲಾಯಿಸಿ, ಬೈಯುತ್ತಾ ಅದನ್ನೇ ಕೊಳ್ಳಬೇಡಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ನಮ್ಮ ಮನೆ ಸಾರಿಗೆ ಹುಣಸೆಹುಳಿಯೇ ಸಾಕಾಯಿತು. ನಮ್ಮ ಅತ್ತೆಯ ಕಾಲದ ಸಾರು ಹಾಗೇ ಇದ್ದದ್ದು ಅಲ್ವಾ? 2025ರಲ್ಲಿ ತೆಂಗಿನಕಾಯಿ ಗಗನಕ್ಕೆ ಏರಿತು, ತೆಂಗಿಗೆ ಹೆಸರಾದ ಅರಸೀಕೆರೆ ಪಕ್ಕದಲ್ಲೇ ಇದ್ದುಕೊಂಡು ಕಾಯಿಗೆ ಲೆಕ್ಕ ಹಾಕುವ ಹಾಗಾಯಿತು. ಆಗ ವಾರಕ್ಕೆ ಎರಡು ದಿನ ಉಪ್ಸಾರು ಮಾಡಿದೆ. ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು, ಪಕ್ಕದಲ್ಲಿ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ ಅರೆದ ಖಾರ. ಕಾಯಿಯೇ ಬೇಡ. ಮೊಮ್ಮಕ್ಕಳು ಈಗ ಅದನ್ನೇ ಕೇಳುತ್ತಾರೆ.

ಎಣ್ಣೆಗೆ ನಮ್ಮ ಮನೆಯಲ್ಲಿ ಅಳತೆ ಇದೆ. ಒಬ್ಬೊಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್, ಕರಿದದ್ದೂ ಸೇರಿ. ಅಷ್ಟನ್ನೇ ತರುವುದು, ಮುಗಿದರೆ ಮುಗಿಯಿತು. ತಿಂಗಳ ಕೊನೆಯಲ್ಲಿ ಬಜ್ಜಿ ಕೇಳಿದವರಿಗೆ ಖಾಲಿ ಕ್ಯಾನು ತೋರಿಸುತ್ತೇನೆ. ಗಾಣದ ಎಣ್ಣೆ ಕೊಳ್ಳುವವರು ಒಂದು ಲೆಕ್ಕ ಕಲಿತಿರಬೇಕು. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಎರಡೂವರೆ ಕೆಜಿ ಹತ್ತಿರ ಬೀಜ ಬೇಕು. ಅಂಗಡಿಯಲ್ಲಿ ಬೀಜದ ರೇಟು ಕೇಳಿ ಗುಣಿಸಿ. ಅದಕ್ಕಿಂತ ತುಂಬಾ ಕಡಿಮೆಗೆ ಎಣ್ಣೆ ಕೊಡುತ್ತಿದ್ದರೆ, ಬಾಟಲಿಯಲ್ಲಿ ಬೇರೆ ಏನೋ ಇದೆ.

ಪ್ಯಾಕೆಟ್ ತಿಂಡಿ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ನಿಲ್ಲುವುದೂ ಇಲ್ಲ. ಹಿಂದಿನ ಸಣ್ಣ ಅಕ್ಷರ ಓದಿ ಸಾಕು. ಯಾವ ಪದಾರ್ಥ ಜಾಸ್ತಿ ತೂಕ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ಕಾನೂನಿದೆ. ಮುಂದೆ ದೊಡ್ಡದಾಗಿ ರಾಗಿ ತೆನೆಯ ಚಿತ್ರ, ಹಿಂದೆ ಮೊದಲನೇ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ, ಆಮೇಲೆಲ್ಲೋ ರಾಗಿ. ಮೊಮ್ಮಗಳಿಗೆ ಓದಲು ಬಂದ ಮೇಲೆ ಈ ಕೆಲಸ ಅವಳಿಗೇ ಕೊಟ್ಟೆ. ಅಂಗಡಿಯಲ್ಲಿ ಗಟ್ಟಿಯಾಗಿ ಓದಿಬಿಡುತ್ತಾಳೆ, ನನಗೂ ಕನ್ನಡಕ ಹುಡುಕುವುದು ತಪ್ಪಿತು.

ಕಾಫಿಪುಡಿ, ಮೆಣಸಿನಲ್ಲಿ ಮೋಸ ಹೋದರೆ ಮಲೆನಾಡಿನ ಬಾಗಿಲಲ್ಲಿ ಇರುವ ನಮಗೆ ಅವಮಾನ. ಒಂದು ಲೋಟ ತಣ್ಣೀರಿಗೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಅದಕ್ಕೆ ಬೆರೆಸುವ ಚಿಕೋರಿ ಬೇರಿನ ಪುಡಿ ಮಾತ್ರ ಬಣ್ಣದ ಎಳೆ ಬಿಡುತ್ತಾ ಕೆಳಗೆ ಇಳಿಯುತ್ತದೆ. ಚಿಕೋರಿ ಇದ್ದರೆ ತಪ್ಪಲ್ಲ, ಕೆಲವರಿಗೆ ಅದೇ ಇಷ್ಟ. ಆದರೆ ಎಷ್ಟು ಹಾಕಿದ್ದೀರಿ ಅಂತ ಕೇಳಿ, ನಮ್ಮ ಕಣ್ಣೆದುರೇ ಪುಡಿ ಮಾಡಿಸಿ, ವಾರಕ್ಕೆ ಆಗುವಷ್ಟು ಮಾತ್ರ ತನ್ನಿ. ಸಕಲೇಶಪುರದ ಮೆಣಸು ಅಂತ ಕೊಟ್ಟದ್ದನ್ನೂ ನೀರಿಗೆ ಹಾಕಿ ನೋಡಿ. ಒಳ್ಳೆ ಕಾಳು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ.

ಮಗ ಈಗ ಫೋನಿನಲ್ಲೇ ಸಾಮಾನು ತರಿಸುತ್ತಾನೆ. ಬೇಡ ಅನ್ನಲಿಲ್ಲ. ಸೋಪು, ಉಪ್ಪು, ಟೂತ್‌ಪೇಸ್ಟು ಭಾರ ಹೊತ್ತು ಯಾಕೆ ತರಬೇಕು? ಆದರೆ ಇಷ್ಟು ರೂಪಾಯಿ ಆದರೆ ಡೆಲಿವರಿ ಫ್ರೀ ಅನ್ನುತ್ತಾರಲ್ಲ, ಆ ಲೆಕ್ಕ ತುಂಬಿಸಲು ಕೊನೆಗೆ ಬೀಳುವುದು ಚಿಪ್ಸೇ. ಅದಕ್ಕೆ ರಾತ್ರಿ ಪಟ್ಟಿ ಮಾಡು, ಬೆಳಗ್ಗೆ ಕಾಫಿ ಕುಡಿದ ಮೇಲೆ ಆರ್ಡರ್ ಮಾಡು ಅಂದಿದ್ದೇನೆ. ಬೆಳಗ್ಗೆ ನೋಡಿದರೆ ಅರ್ಧ ಅವನೇ ತೆಗೆಯುತ್ತಾನೆ. ಲೆಕ್ಕ ಸಾಲದೆ ಬಂದರೆ ಚಿಪ್ಸ್ ಬದಲು ಒಂದು ಕೆಜಿ ಹೆಸರುಕಾಳು ಹಾಕು ಅನ್ನುತ್ತೇನೆ, ಅದು ಕೆಡುವುದಿಲ್ಲ. ಹಣ್ಣು ಮಾತ್ರ ಫೋನಿನಲ್ಲಿ ಬೇಡ. ಏಲಕ್ಕಿ ಬಾಳೆ ಕೊಳ್ಳುವಾಗ ಅರ್ಧ ಹಣ್ಣು, ಅರ್ಧ ದೋರೆ ಇರುವ ಚಿಪ್ಪು ಆರಿಸಿ, ವಾರಪೂರ್ತಿ ಒಂದೊಂದೇ ಹಣ್ಣಾಗುತ್ತಾ ಬರುತ್ತದೆ.