ಮಳೆಗಾಲಕ್ಕೆ ಮುಂಚೆ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಪರ್ಸೆಂಟ್ ಸರಿ ಮಾಡ್ಕೊಳ್ಳೋದು ಹೇಗೆ

ಲ್ಯಾಪ್‌ಟಾಪ್ ತಗೊಂಡು ನಾಲ್ಕೈದು ವರ್ಷ ಆಯ್ತಾ, 42 ಪರ್ಸೆಂಟ್ ಅಂತ ತೋರಿಸ್ತಾ ಇದ್ದಿದ್ದು ತಟ್ಟಂತ ಆಫ್ ಆಗ್ತಿದ್ಯಾ, ಇಲ್ಲಾ 7 ಪರ್ಸೆಂಟಲ್ಲೇ ಮುಕ್ಕಾಲು ಗಂಟೆ ನಿಂತಿರುತ್ತಾ? ಹಾಗಿದ್ರೆ ಇದನ್ನ ಮೇ ತಿಂಗಳಲ್ಲೇ ನೋಡ್ಕೊಂಡ್ಬಿಡಿ, ಜೂನ್ ತನಕ ಬಿಡ್ಬೇಡಿ. ನಮ್ ಕೊಡಗಲ್ಲಿ ಮಳೆ ಹಿಡಿದ್ಮೇಲೆ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಸಾಕು, ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವ್ರಿಗೆ ಕರೆಂಟ್ ಯಾವಾಗ ಬರುತ್ತೆ ಅಂತ ಲೆಕ್ಕಾನೇ ಇರಲ್ಲ, ಇನ್ವರ್ಟರ್ರೂ ಕೈಕೊಟ್ಟ ಮೇಲೆ ಚೆಕ್‌ರೋಲ್ (ಕೂಲಿಯವ್ರ ಹಾಜರಿ ಲೆಕ್ಕ) ಮುಗಿಸ್ಬೇಕಾದ ಎಸ್ಟೇಟ್ ರೈಟರ್‌ಗೂ ಆನ್‌ಲೈನ್ ಅರ್ಜಿ ತುಂಬ್ತಿರೋ ಮಕ್ಕಳಿಗೂ ಆ ಮೂಲೇಲಿರೋ ನಂಬರೊಂದೇ ಗತಿ. ಅದು ನಿಜ ಹೇಳ್ಬೇಕು.

ಮೊದ್ಲು ಆ ನಂಬರ್ ಎಲ್ಲಿಂದ ಬರುತ್ತೆ ಅಂತ ತಿಳ್ಕೊಳ್ಳಿ, ಆಮೇಲೆ ರಿಪೇರಿ ಸುಲಭ. ಬ್ಯಾಟರಿ ಒಳಗೆ ಎಷ್ಟು ಚಾರ್ಜ್ ಉಳಿದಿದೆ ಅಂತ ನೇರವಾಗಿ ಅಳೆಯೋ ಸಾಧನ ಯಾವ್ದೂ ಇಲ್ಲ. ಬ್ಯಾಟರಿ ಪ್ಯಾಕ್ ಒಳಗೇ ಒಂದು ಚಿಪ್ ಕೂತಿರುತ್ತೆ, ಅದು ಒಳಗೆ ಎಷ್ಟು ಕರೆಂಟ್ ಹೋಯ್ತು ಹೊರಗೆ ಎಷ್ಟು ಬಂತು ಅಂತ ಕೂಡಿ ಕಳೆದು ಅಂದಾಜು ಹೇಳುತ್ತೆ ಅಷ್ಟೇ, ಎಸ್ಟೇಟ್ ಗೋಡೌನ್‌ನ ಸ್ಟಾಕ್ ಪುಸ್ತಕದ ಥರ, ಬಂದ ಮೂಟೆ ಹೋದ ಮೂಟೆ ಬರೀತಾ ಹೋಗ್ತಾರೆ, ಆದ್ರೆ ವರ್ಷಗಟ್ಲೆ ಬಾಗಿಲು ತೆಗೆದು ಎಣಿಸದೇ ಇದ್ರೆ ಪುಸ್ತಕಕ್ಕೂ ಒಳಗಿರೋ ಮಾಲಿಗೂ ತಾಳೆ ಆಗಲ್ಲ. ಯಾವಾಗ್ಲೂ ಚಾರ್ಜರ್ ಹಾಕ್ಕೊಂಡೇ ಕೆಲ್ಸ ಮಾಡೋರ ಲ್ಯಾಪ್‌ಟಾಪಲ್ಲಿ ಇದು ಜಾಸ್ತಿ, ಯಾಕಂದ್ರೆ ಬ್ಯಾಟರಿ ಫುಲ್‌ನಿಂದ ಖಾಲಿವರೆಗೆ ಇಳಿದಿದ್ದನ್ನ ಚಿಪ್ ನೋಡೇ ಇರಲ್ಲ. 80ಕ್ಕೇ ಚಾರ್ಜ್ ನಿಲ್ಲೋ ಸೆಟ್ಟಿಂಗ್ ಬ್ಯಾಟರಿ ಆಯಸ್ಸಿಗೆ ಒಳ್ಳೇದೇ, ಆದ್ರೆ ಅದ್ರಲ್ಲೂ ಈ ಲೆಕ್ಕ ನಿಧಾನಕ್ಕೆ ಜಾರುತ್ತೆ.

ಲೆಕ್ಕ ತಪ್ಪಿದ್ಯಾ ಇಲ್ಲಾ ಬ್ಯಾಟರೀನೇ ಮುಗಿದಿದ್ಯಾ, ಇದನ್ನ ಬೇರೆ ಮಾಡಿ ನೋಡೋದು ಮುಖ್ಯ, ಅದನ್ನ ನೋಡದೇನೇ ತುಂಬಾ ಜನ ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಸುರೀತಾರೆ. ವಿಂಡೋಸ್ ಇದ್ರೆ ಸರ್ಚಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೀರಿ, ಪವರ್ ಅಂತ ಟೈಪ್ ಮಾಡಿ ಅದಕ್ಕೇ ಅಂಟಿಸಿ ಸಿ ಎಫ್ ಜಿ, ಆಮೇಲೆ ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದ್ರ ಮುಂದೆ ಬ್ಯಾಟರಿ ರಿಪೋರ್ಟ್ ಅಂತ ಎರಡು ಪದಾನೂ ಸೇರಿಸಿ ಇಂಗ್ಲಿಷಲ್ಲಿ ಹೊಡೆದು (powercfg /batteryreport) ಎಂಟರ್ ಒತ್ತಿ. ಫೈಲ್ ಎಲ್ಲಿ ಸೇವ್ ಆಯ್ತು ಅಂತ ಅಲ್ಲೇ ತೋರಿಸುತ್ತೆ, ಅದನ್ನ ಬ್ರೌಸರಲ್ಲಿ ಓಪನ್ ಮಾಡಿ ಎರಡು ಸಾಲು ಹುಡುಕಿ, ಡಿಸೈನ್ ಕೆಪಾಸಿಟಿ ಮತ್ತೆ ಫುಲ್ ಚಾರ್ಜ್ ಕೆಪಾಸಿಟಿ. ಉದಾಹರಣೆಗೆ ಡಿಸೈನ್ 45,000 ಮಿಲಿವ್ಯಾಟ್ ಅವರ್, ಫುಲ್ ಚಾರ್ಜ್ 27,000 ಅಂತಿದ್ರೆ ಬ್ಯಾಟರೀಲಿ ಈಗ ಹೊಸದರ 60 ಪರ್ಸೆಂಟ್ ಜೀವ ಉಳಿದಿದೆ ಅಂತ ಅರ್ಥ, 27,000 ಮಿಲಿವ್ಯಾಟ್ ಅವರ್ ಅಂದ್ರೆ 27 ವ್ಯಾಟ್ ಅವರ್, ಲ್ಯಾಪ್‌ಟಾಪ್ ಸುಮಾರು 9 ವ್ಯಾಟ್ ತಿಂದ್ರೆ ಮೂರು ಗಂಟೆ ಬರ್ಬೇಕು. ಬರೋದು ಒಂದೇ ಗಂಟೆ ಅಂದ್ರೆ ಈ 27,000 ಅನ್ನೋದೂ ಆ ಚಿಪ್‌ನ ಅಂದಾಜೇ, ಅದನ್ನೂ ಮತ್ತೆ ಅಳೆಸ್ಬೇಕು. ಫುಲ್ ಚಾರ್ಜ್ ಕೆಪಾಸಿಟಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಹೋಗಿದ್ರೆ ನಂಬರ್ ಸರಿಹೋದ್ರೂ ಟೈಮ್ ಮಾತ್ರ ಕಮ್ಮೀನೇ ಸಿಗೋದು.

ಈಗ ಕ್ಯಾಲಿಬ್ರೇಶನ್, ಅಂದ್ರೆ ಆ ಚಿಪ್‌ನ ಲೆಕ್ಕ ಮತ್ತೆ ಸರಿ ಮಾಡೋದು. ಬೆಳಿಗ್ಗೇನೇ ಶುರು ಮಾಡಿ, ಯಾಕಂದ್ರೆ ಮೇ ತಿಂಗಳಲ್ಲಿ ಸಂಜೆ ಆದ್ರೆ ಗುಡುಗು ಸಿಡಿಲು, ಆ ಹೊತ್ತಲ್ಲಿ ಚಾರ್ಜರ್ ಪ್ಲಗ್‌ನಲ್ಲಿ ಇರಲೇಬಾರ್ದು. ಕೆಲ್ಸದ ಫೈಲೆಲ್ಲಾ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳ್ಳಿ. 80ರ ಲಿಮಿಟ್ ಹಾಕಿದ್ರೆ ತೆಗೀರಿ, ಲೆನೊವೊದಲ್ಲಿ ವ್ಯಾಂಟೇಜ್ ಆಪಲ್ಲಿ ಸಿಗುತ್ತೆ, ಆಸೂಸ್‌ನಲ್ಲಿ ಮೈಆಸೂಸ್‌ನಲ್ಲಿ. 100 ಆಗೋವರೆಗೆ ಚಾರ್ಜ್ ಮಾಡಿ, 100 ಆದ ತಕ್ಷಣ ಕೀಳ್ಬೇಡಿ, ಇನ್ನೊಂದೆರಡು ಗಂಟೆ ಹಾಗೇ ಇರ್ಲಿ. ಆಮೇಲೆ ಪವರ್ ಸೆಟ್ಟಿಂಗಲ್ಲಿ ಸ್ಲೀಪ್ ನೆವರ್ ಅಂತ ಮಾಡಿ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್ ಒಳಗೆ ಅಡ್ವಾನ್ಸ್‌ಡ್ ಅಂತ ಇದ್ಯಲ್ಲ ಅಲ್ಲಿ ಕ್ರಿಟಿಕಲ್ ಬ್ಯಾಟರಿ ಲೆವೆಲ್ 5 ಇಟ್ಟು ಆಕ್ಷನ್ ಹೈಬರ್ನೇಟ್ ಕೊಡಿ, ಅಂದ್ರೆ ತೆರೆದಿರೋ ಕೆಲ್ಸನೆಲ್ಲಾ ಡಿಸ್ಕಲ್ಲಿ ಉಳಿಸ್ಕೊಂಡು ಆಫ್ ಆಗೋದು. ಚಾರ್ಜರ್ ಕಿತ್ತು ಡೌನ್‌ಲೋಡ್ ಆಗಿರೋ ವಿಡಿಯೋ ಏನಾದ್ರೂ ಓಡಿಸಿ, ಬ್ರೈಟ್‌ನೆಸ್ ಅರ್ಧಕ್ಕಿರ್ಲಿ, ಒಂದೇ ಸಮ ನಿಧಾನಕ್ಕೆ ಇಳೀಬೇಕು, ಗೇಮ್ ಗೀಮ್ ಬೇಡ. ತಾನಾಗೇ ಹೈಬರ್ನೇಟ್ ಆದ್ಮೇಲೆ ಒಂದೆರಡು ಗಂಟೆ ಹಾಗೇ ಬಿಟ್ಟು, ಮತ್ತೆ 100ರವರೆಗೆ ಎಲ್ಲೂ ನಿಲ್ಲಿಸದೆ ಚಾರ್ಜ್ ಮಾಡಿ. ಈ ಕೊನೇ ಚಾರ್ಜಿಗೆ ಇನ್ವರ್ಟರ್ ಲೈನ್‌ನ ಪ್ಲಗ್ ಇಟ್ಕೊಂಡ್ರೆ ಒಳ್ಳೇದು, ಮಧ್ಯ ಕರೆಂಟ್ ಹೋದ್ರೆ ಅಳತೆ ಅರ್ಧಂಬರ್ಧ ಆಗ್ಬಹುದು. ಆಗ ಸಿಡಿಲು ಬರೋ ಹಾಗಿದ್ರೆ ಈ ಚಾರ್ಜನ್ನ ಮಾರನೇ ದಿನ ಬೆಳಿಗ್ಗೆ ಮಾಡಿ, ಏನೂ ತೊಂದ್ರೆ ಇಲ್ಲ, ಆದ್ರೆ ಖಾಲಿ ಬ್ಯಾಟರೀನ ವಾರಗಟ್ಲೆ ಹಾಗೇ ಇಡ್ಬೇಡಿ, ಅದು ಕೆಡುತ್ತೆ.

ಲೆನೊವೊದ ಥಿಂಕ್‌ಪ್ಯಾಡ್ ಇರೋರಿಗೆ ಇಷ್ಟೆಲ್ಲಾ ಕಷ್ಟ ಬೇಡ, ಹಲವು ಮಾಡೆಲ್‌ಗಳಿಗೆ ವ್ಯಾಂಟೇಜಲ್ಲೇ ಗೇಜ್ ರೀಸೆಟ್ ಅಂತ ಇರುತ್ತೆ, ಲಿನಕ್ಸ್ ಹಾಕಿದ್ರೆ ಟಿ ಎಲ್ ಪಿ ಪ್ರೋಗ್ರಾಮಲ್ಲೂ ರೀಕ್ಯಾಲಿಬ್ರೇಟ್ ಇದೆ. ಒಳಗೇ ಬ್ಯಾಟರಿ ಕೂರಿಸಿರೋ ಮ್ಯಾಕ್‌ಬುಕ್‌ಗೆ ಇದು ಬೇಕಾಗೇ ಇಲ್ಲ, ಸೆಟ್ಟಿಂಗ್ಸಲ್ಲಿ ಬ್ಯಾಟರಿ ಹೆಲ್ತ್ ನೋಡಿದ್ರೆ ಸಾಕು. ಮತ್ತೆ ಇದನ್ನ ತಿಂಗಳು ತಿಂಗಳು ಮಾಡ್ತಾ ಕೂರ್ಬೇಡಿ, ಪೂರ್ತಿ ಖಾಲಿ ಮಾಡೋದ್ರಿಂದ ಲಿಥಿಯಂ ಬ್ಯಾಟರಿ ಸವೆಯುತ್ತೆ. ಮಳೆಗೆ ಮುಂಚೆ ಒಂದ್ಸಲ, ಕಾಫಿ ಕುಯ್ಲು ಶುರುವಾಗೋ ಮುಂಚೆ ಒಂದ್ಸಲ ಸಾಕು ಅನ್ನೋದು ನನ್ ಅಭಿಪ್ರಾಯ.

ಇಷ್ಟು ಮಾಡಿದ್ಮೇಲೂ 30ರಿಂದ ಸೀದಾ ಆಫ್ ಆಗ್ತಿದ್ಯಾ? ಹಾಗಾದ್ರೆ ತೊಂದ್ರೆ ಲೆಕ್ಕದ್ದಲ್ಲ, ಸೆಲ್‌ದು. ಪ್ಯಾಕಲ್ಲಿ ಮೂರೋ ನಾಲ್ಕೋ ಸೆಲ್ ಸಾಲಾಗಿ ಜೋಡಿಸಿರ್ತಾರೆ, ಒಂದೊಂದು ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್, 3 ವೋಲ್ಟ್ ಆಸುಪಾಸಿಗೆ ಇಳಿದ್ರೆ ಸುರಕ್ಷತೆಗೆ ಸರ್ಕ್ಯೂಟ್ ಕಟ್ ಮಾಡುತ್ತೆ. ವಯಸ್ಸಾದ ಸೆಲ್‌ನಲ್ಲಿ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗಿರುತ್ತೆ, ವಿಡಿಯೋ ಕಾಲ್ ಮಾಡಿದ್ರೆ, ಹತ್ತು ಟ್ಯಾಬ್ ತೆಗೆದ್ರೆ ವೋಲ್ಟೇಜ್ ದಬಕ್ಕಂತ ಕುಸಿಯುತ್ತೆ, ಉಳಿದ ಸೆಲ್‌ಗಳಲ್ಲಿ ಚಾರ್ಜ್ ಇದ್ರೂ ಒಂದು ಸೋತರೆ ಇಡೀ ಪ್ಯಾಕ್ ಆಫ್. ಮಳೆಗಾಲದ ಚಳಿಗೆ ಇದು ಇನ್ನೂ ಎದ್ದು ಕಾಣುತ್ತೆ. ಅಂತಾ ಬ್ಯಾಟರೀನೂ ಸ್ವಲ್ಪ ದಿನ ಓಡಿಸ್ಬಹುದು, ಎಷ್ಟು ಪರ್ಸೆಂಟಲ್ಲಿ ಆಫ್ ಆಗುತ್ತೆ ಅಂತ ಒಂದೆರಡು ಸಲ ಗಮನಿಸಿ, 30 ಅಂದ್ರೆ ಆ ಕ್ರಿಟಿಕಲ್ ಲೆವೆಲ್ಲನ್ನ 38ಕ್ಕೆ ಏರಿಸಿ, ವಾರ್ನಿಂಗ್ ಕೊಡೋ ಲೋ ಬ್ಯಾಟರಿ ಲೆವೆಲ್ 45ಕ್ಕೆ ಇಡಿ. ಆಗ ಕೆಲ್ಸ ಸೇವ್ ಆಗೇ ಮಲಗುತ್ತೆ.

ಇನ್ನೊಂದು ಮಾತು, ಥಂಡಿ ಹಿಡಿದಿದೆ ಅಂತ ಲ್ಯಾಪ್‌ಟಾಪನ್ನ ಬಟ್ಟೆ ಒಣಗಿಸೋ ಹಾಗೆ ಒಲೆ ಹತ್ರ ದಯವಿಟ್ಟು ಇಡ್ಬೇಡಿ. ಫುಲ್ ಚಾರ್ಜ್ ಆಗಿರೋ ಬ್ಯಾಟರಿಗೆ ಬಿಸಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ರೆ, ಕೆಳಗಿನ ಕವರ್ ಉಬ್ಬಿದ್ರೆ, ಮುಚ್ಚಳ ಸರಿಯಾಗಿ ಕೂರದೇ ಇದ್ರೆ ಮೇಲೆ ಹೇಳಿದ್ದು ಯಾವ್ದೂ ಮಾಡ್ಬೇಡಿ, ಚಾರ್ಜ್ ನಿಲ್ಲಿಸಿ, ಆಫ್ ಮಾಡಿ, ಒತ್ತೋದು ಚುಚ್ಚೋದು ಬೇಡ, ಸೀದಾ ರಿಪೇರಿಯವ್ರ ಹತ್ರ ತಗೊಂಡ್ಹೋಗಿ ತೆಗೆಸಿ.

ಹೊಸದು ಹಾಕ್ಸೋದಾದ್ರೆ ಹಳೇ ಬ್ಯಾಟರಿ ಮೇಲಿರೋ ಪಾರ್ಟ್ ನಂಬರ್ ಮತ್ತೆ ವೋಲ್ಟೇಜ್ ಫೋಟೋ ತೆಗೆದು ಅದನ್ನೇ ಕೇಳಿ, ತಯಾರಾದ ತಾರೀಖು ನೋಡಿ, ವರ್ಷಗಟ್ಲೆ ಅಂಗಡೀಲಿ ಬಿದ್ದಿದ್ದು ಆಗ್ಲೇ ಅರ್ಧ ಮುದುಕಾಗಿರುತ್ತೆ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲಿ ಸಿಗದಿದ್ರೆ ಮೈಸೂರಿಂದ ತರಿಸ್ಕೊಡ್ತಾರಾ ಕೇಳಿ. ತೆಗೆದ ಹಳೇದನ್ನ ತೋಟದ ಕಸದ ಗುಂಡಿಗೆ ಹಾಕಿ ಬೆಂಕಿ ಕೊಡ್ಬೇಡಿ, ಸಿಡಿಯುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ರೀಸೈಕಲ್ ಮಾಡಿಸೋ ಜವಾಬ್ದಾರಿ ಕಂಪನಿಯವ್ರದ್ದೇ, ಹಾಗಾಗಿ ಹೊಸದು ತಗೊಳ್ಳುವಾಗ್ಲೇ ಹಳೇದನ್ನ ವಾಪಸ್ ತಗೋತೀರಾ ಅಂತ ಕೇಳ್ಬಿಡಿ, ಹೊಸದಕ್ಕೂ ಹಾಕಿದ ವಾರದೊಳಗೆ ಇದೇ ಕ್ಯಾಲಿಬ್ರೇಶನ್ ಒಂದ್ಸಲ ಮಾಡಿ.