ಜಿ41 ಬೋರ್ಡಿನಲ್ಲಿ 8 ಜಿಬಿ ನಿಂತ ಬಗೆ: ನನ್ನ ಅನುಭವ

ನಮ್ಮ ಮನೆಯ ಕಂಪ್ಯೂಟರನ್ನು ನಾನೇ 2010ರಲ್ಲಿ ಜೋಡಿಸಿದ್ದೆ. ಇಂಟೆಲ್ ಜಿ41 ಚಿಪ್‌ಸೆಟ್‌ನ (ಪ್ರೊಸೆಸರಿಗೂ ಮೆಮೊರಿಗೂ ಸಂಪರ್ಕ ಕಲ್ಪಿಸುವ ಚಿಪ್ಪು) ಮದರ್‌ಬೋರ್ಡ್, ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, 2 ಜಿಬಿಯ ಒಂದೇ ಡಿಡಿಆರ್3 ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಇದಕ್ಕೆ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಹಾಕುತ್ತೇನೆ ಎಂದಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ, ನಾನು ಬಿಡಿಭಾಗ ಕೊಳ್ಳುವ ಅಂಗಡಿಯವರು, ನನ್ನ ಜೊತೆಯಲ್ಲೇ ರಿಪೇರಿ ಕೆಲಸ ಕಲಿತ ಗೆಳೆಯ, ಮೂವರೂ ಬೇಡವೆಂದರು. "ಜಿ41ಗೆ ನಾಲ್ಕರ ಮೇಲೆ ಹತ್ತಲ್ಲ ಸಾರ್, ಸುಮ್ನೆ ದುಡ್ಡು ದಂಡ" ಎಂಬುದು ಅಂಗಡಿಯವರ ಮಾತು. ಹದಿನಾಲ್ಕು ತಿಂಗಳಿಂದ ಆ ಯಂತ್ರ ಪೂರ್ತಿ 8 ಜಿಬಿಯಲ್ಲಿ ದಿನಕ್ಕೆ ಆರೇಳು ಗಂಟೆ ನಡೆಯುತ್ತಿದೆ, ಒಮ್ಮೆಯೂ ಹ್ಯಾಂಗ್ ಆಗಿಲ್ಲ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೊಸದನ್ನು ಜೋಡಿಸಲು 28,000 ರೂಪಾಯಿಯ ಲೆಕ್ಕ ಕೊಟ್ಟಿದ್ದರು. ಆದರೆ ಈ ಯಂತ್ರವನ್ನು ಬಳಸುವವರು ನನ್ನ ತಂದೆಯವರು. ಅವರಿಗೆ ಬೇಕಾದದ್ದು ಕನ್ನಡ ಬರವಣಿಗೆ, ಪತ್ರಿಕೆಗಳ ಓದು ಮತ್ತು ಒಂದಿಷ್ಟು ಸಂಗೀತ ಕಛೇರಿಯ ವಿಡಿಯೊ. ಇಷ್ಟಕ್ಕೆ ಆ ಮೊತ್ತ ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಮೊದಲ ಪೆಟ್ಟು ರ‍್ಯಾಮಿನಲ್ಲೇ ಬಿತ್ತು. 4 ಜಿಬಿಯ ಎರಡು ಹೊಸ ಡಿಡಿಆರ್3 ಪಟ್ಟಿಗಳನ್ನು ಸುಮಾರು 1,900 ರೂಪಾಯಿಗೆ ತಂದು ಹಾಕಿದೆ. ಪರದೆ ಹೊತ್ತಿಕೊಳ್ಳಲೇ ಇಲ್ಲ, ಉದ್ದನೆಯ ಬೀಪ್ ಮಾತ್ರ ಕೇಳಿಸಿತು. ಸ್ಲಾಟ್ ಬದಲಿಸಿದೆ, ರಬ್ಬರಿನಿಂದ ಕಾಲುಗಳನ್ನು ಉಜ್ಜಿದೆ, ಬಯಾಸ್ (ಬೋರ್ಡಿನ ಮೂಲ ಹೊಂದಾಣಿಕೆ) ಬ್ಯಾಟರಿಯನ್ನು ತೆಗೆದು ಮತ್ತೆ ಕೂರಿಸಿದೆ, ಏನೂ ಆಗಲಿಲ್ಲ. ಒಮ್ಮೆ ಮಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅಂಗಡಿಯಲ್ಲಿ ಹೇಳಿದರು. ಎರಡನೆಯ ಸಲ ಅಗ್ಗಕ್ಕೆ ಸಿಕ್ಕಿತೆಂದು 600 ರೂಪಾಯಿಗೆ ಒಂದು ಹಳೆಯ ಜೋಡಿ ತಂದೆ. ಮನೆಗೆ ಬಂದು ಪಟ್ಟಿಯ ಮೇಲೆ ಅಂಟಿಸಿದ್ದ ಚೀಟಿ ಓದಿದರೆ ಪಿಸಿ3-10600ರ ಮುಂದೆ 'ಆರ್' ಎಂದಿತ್ತು, ಅಂದರೆ ಸರ್ವರಿನ ರ‍್ಯಾಮ್. ನಮಗೆ ಬೇಕಾದದ್ದು 'ಯು', ಅಂದರೆ ಮನೆಯ ಯಂತ್ರದ್ದು. ಈ ತಪ್ಪು ಸಂಪೂರ್ಣ ನನ್ನದೇ. ಹದಿನೈದು ವರ್ಷ ಈ ಕೆಲಸ ಮಾಡಿದವನು ಚೀಟಿ ಓದದೆ ದುಡ್ಡು ಕೊಡಬಾರದಿತ್ತು.

ಆಮೇಲೆ ಕುಳಿತು ಯೋಚಿಸಿದಾಗ ವಿಷಯ ಬಿಡಿಸಿಕೊಂಡಿತು. ಜಿ41 ಅರ್ಥಮಾಡಿಕೊಳ್ಳುವುದು 2 ಗಿಗಾಬಿಟ್ ಚಿಪ್ಪಿನವರೆಗೆ ಮಾತ್ರ (ಎಂಟು ಗಿಗಾಬಿಟ್ ಸೇರಿದರೆ ಒಂದು ಜಿಬಿ). ಅಂದರೆ 4 ಜಿಬಿಯ ಒಂದು ಪಟ್ಟಿಯಲ್ಲಿ ಎರಡೂ ಮಗ್ಗುಲು ಸೇರಿ ಹದಿನಾರು ಚಿಪ್ಪುಗಳಿರಬೇಕು. ನಾನು ಮೊದಲು ತಂದಿದ್ದ ಹೊಸ ಪಟ್ಟಿಯಲ್ಲಿ ಇದ್ದದ್ದು ಎಂಟೇ, ಒಂದೊಂದೂ 4 ಗಿಗಾಬಿಟ್‌ನದು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಈಗ ಬರುವ ರ‍್ಯಾಮ್ ಹಾಕಿ ನೋಡಿದ ಯಾರಿಗಾದರೂ ಬೋರ್ಡು ಒಪ್ಪುವುದಿಲ್ಲವೆಂದೇ ಅನ್ನಿಸುತ್ತದೆ. 4 ಜಿಬಿ ಪಟ್ಟಿಯ ಚೀಟಿಯ ಮೇಲೆ '2ಆರ್‌ಎಕ್ಸ್8' (ಹದಿನಾರು ಚಿಪ್ಪು) ಎಂದಿದ್ದರೆ ತೆಗೆದುಕೊಳ್ಳಿ, '1ಆರ್‌ಎಕ್ಸ್8' (ಎಂಟು ಚಿಪ್ಪು) ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇಷ್ಟಕ್ಕೇ ಸಮಾಧಾನಪಡಬೇಡಿ. ಎಎಂಡಿ ಬೋರ್ಡಿಗೆ ಮಾತ್ರ ಎಂದು ಅಗ್ಗಕ್ಕೆ ಮಾರುವ ಪಟ್ಟಿಗಳಲ್ಲೂ ಹದಿನಾರು ಚಿಪ್ಪುಗಳಿರುತ್ತವೆ, ಆದರೆ ಅವುಗಳ ಒಳಜೋಡಣೆ ಬೇರೆ, ಇಂಟೆಲ್ ಬೋರ್ಡು ಅವನ್ನು ಮುಟ್ಟುವುದಿಲ್ಲ. ಆದ್ದರಿಂದ ಚಿಪ್ಪಿನ ಮೇಲಿನ ಸಂಖ್ಯೆಯನ್ನೇ ಓದಬೇಕು. ಸ್ಯಾಮ್‌ಸಂಗ್ ಆದರೆ ಕೆ4ಬಿ2ಜಿ08 ಎಂದು ಶುರುವಾಗಬೇಕು, ಹೈನಿಕ್ಸ್ ಆದರೆ ಎಚ್5ಟಿಕ್ಯೂ2ಜಿ8 ಎಂದು.

ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನವಿಡೀ ಅಲೆದು, ಹಳೆಯ ಕಚೇರಿ ಯಂತ್ರಗಳನ್ನು ಬಿಚ್ಚಿ ಮಾರುವ ಒಂದು ಪುಟ್ಟ ಅಂಗಡಿಯಲ್ಲಿ ಸರಿಯಾದ ಜೋಡಿಯನ್ನು 1,100 ರೂಪಾಯಿಗೆ ಹಿಡಿದೆ. ಅಂಗಡಿ ಯಾವುದೆಂದು ಬರೆಯುವುದಿಲ್ಲ. ಅವರ ಬಳಿ ಉಳಿದಿರುವುದು ನಾಲ್ಕಾರು ಮಾತ್ರ, ಅವು ನನ್ನ ಮುಂದಿನ ಎರಡು ಯಂತ್ರಗಳಿಗೆ ಬೇಕು.

8 ಜಿಬಿ ಕಾಣಿಸಿತು. ಆದರೆ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದಾಗ ಮೂರನೆಯ ಸುತ್ತಿನಲ್ಲಿ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು. ಒಂದೊಂದೇ ಪಟ್ಟಿ ಹಾಕಿದರೆ ತಪ್ಪಿಲ್ಲ, ಎರಡೂ ಸೇರಿದರೆ ತಪ್ಪು. ಇಲ್ಲಿಗೆ ಬಿಟ್ಟುಬಿಡೋಣವೆಂದು ಗೆಳೆಯ ಹೇಳಿದ. ಬೋರ್ಡನ್ನು ಕ್ಯಾಬಿನೆಟ್‌ನಿಂದ ಪೂರ್ತಿ ಹೊರತೆಗೆದು ಬೆಳಕಿಗೆ ಹಿಡಿದಾಗ ರ‍್ಯಾಮ್ ಸ್ಲಾಟಿನ ಪಕ್ಕದ ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿದ್ದು ಕಂಡಿತು. 6.3 ವೋಲ್ಟ್, 1000 ಮೈಕ್ರೊಫ್ಯಾರಡ್‌ನವು. ಟಿವಿ ರಿಪೇರಿಯವರ ಕೈಯಲ್ಲಿ ಕೂಲಿ ಸೇರಿ 250 ರೂಪಾಯಿಗೆ ಬದಲಿಸಿದ ಮೇಲೆ ಹದಿನೆಂಟು ಗಂಟೆ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ. ಇದರ ಜೊತೆಗೆ ಬಯಾಸ್‌ನಲ್ಲಿ ಮೆಮೊರಿಯ ಟೈಮಿಂಗನ್ನು ನಾನೇ ಒಂದು ರೀತಿ ಹೊಂದಿಸಿದ್ದೇನೆ. ಇನ್ನೂ ಎರಡು ಬೋರ್ಡುಗಳಲ್ಲಿ ಪರೀಕ್ಷಿಸುವವರೆಗೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎಸ್‌ಎಸ್‌ಡಿಯ ವಿಷಯದಲ್ಲಿ ಅಕ್ಕನ ಮಗನ ಆಕ್ಷೇಪ ಬೇರೆ ಇತ್ತು. ಬೋರ್ಡಿನಲ್ಲಿ ಡಿಸ್ಕ್ ಜೋಡಿಸಲು ಇರುವುದು ಹಳೆಯ ಸಾಟಾ 2, ಅದರ ಮೇಲೆ ಡಿಸ್ಕನ್ನು ನಡೆಸುವ ಐಸಿಎಚ್7 ಚಿಪ್ಪಿನಲ್ಲಿ ಎಎಚ್‌ಸಿಐ ಎಂಬ ಹೊಸ ವಿಧಾನವಿಲ್ಲ, ಹಳೆಯ ಐಡಿಇ ಮೋಡ್ ಒಂದೇ. ಅರ್ಧ ವೇಗವೂ ಸಿಗುವುದಿಲ್ಲವೆಂದ. ಅಳೆದು ನೋಡಿದಾಗ ಒಂದೇ ದೊಡ್ಡ ಫೈಲ್ ಓದುವ ವೇಗ ಸೆಕೆಂಡಿಗೆ 230 ಎಂಬಿಯ ಆಸುಪಾಸಿನಲ್ಲಿತ್ತು, ಹೊಸ ಬೋರ್ಡಿನಲ್ಲಾದರೆ 500 ದಾಟುತ್ತಿತ್ತು. ಅಷ್ಟರಮಟ್ಟಿಗೆ ಅವನ ಮಾತು ನಿಜ. ಆದರೆ ಮನೆಯ ಯಂತ್ರ ದಿನವಿಡೀ ಮಾಡುವುದು ಚೂರುಪಾರು ಫೈಲುಗಳ ಓದನ್ನು. 4 ಕೆಬಿ ತುಣುಕುಗಳಲ್ಲಿ ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 1 ಎಂಬಿ ಕೂಡ ಮುಟ್ಟುತ್ತಿರಲಿಲ್ಲ, ಎಸ್‌ಎಸ್‌ಡಿ 20ರ ಹತ್ತಿರ ಬಂದಿತು. ಗುಂಡಿ ಒತ್ತಿ ಬ್ರೌಸರ್ ತೆರೆಯುವವರೆಗೆ ಮೊದಲು ನಾಲ್ಕೂವರೆ ನಿಮಿಷ ಹಿಡಿಯುತ್ತಿದ್ದದ್ದು ಈಗ ಐವತ್ತು ಸೆಕೆಂಡಿನೊಳಗೆ ಆಗುತ್ತದೆ. ಅವನೇ ಗಡಿಯಾರ ಹಿಡಿದು ನೋಡಿ ಒಪ್ಪಿಕೊಂಡ.

ಅಲ್ಲಿಗೆ ತಲುಪಲೂ ಎರಡು ಸಲ ಎಡವಿದೆ. ಹಳೆಯ ಡಿಸ್ಕಿನಲ್ಲಿ ಸಿ5ರ ಎಣಿಕೆ (ಓದಲಾಗದೆ ಉಳಿದ ಸೆಕ್ಟರುಗಳ ಲೆಕ್ಕ) ಆಗಲೇ ಹದಿನಾಲ್ಕೋ ಹದಿನೈದೋ ಇದ್ದುದರಿಂದ ಡಿಸ್ಕನ್ನು ನಕಲಿಸುವ ಕ್ಲೋನ್‌ಝಿಲ್ಲಾ ಅರ್ಧಕ್ಕೆ ನಿಂತಿತು. ಕೆಟ್ಟ ಡಿಸ್ಕಿನಿಂದಲೂ ಓದಿ ತೆಗೆಯುವ ಡಿಡಿರೆಸ್ಕ್ಯೂನಿಂದ ಹೊರಗಿನ ಡಿಸ್ಕಿಗೆ ಪ್ರತಿ ಎತ್ತಲು ಒಂಬತ್ತು ಗಂಟೆ ಹಿಡಿಯಿತು. ಕಳೆದುಹೋದದ್ದು ಒಂದೆರಡು ಹಾಡುಗಳು ಮಾತ್ರ, ತಂದೆಯವರ ಬರಹಗಳೆಲ್ಲ ಉಳಿದವು. ಅದರಿಂದ ಸಿ ಡ್ರೈವಿನ 80 ಜಿಬಿಯನ್ನು ಮೊದಲಿದ್ದ ಜಾಗಕ್ಕೇ ಸರಿಯಾಗಿ ಎಸ್‌ಎಸ್‌ಡಿಗೆ ಇಳಿಸಿದೆ. ಯಂತ್ರ ಎದ್ದಿತು, ಆದರೆ ಬರೆಯುವ ವೇಗ ತೀರಾ ಕಳಪೆಯಾಗಿತ್ತು. ಆ ಪಾರ್ಟಿಷನ್ ಎಕ್ಸ್‌ಪಿ ಕಾಲದ್ದು, 63ನೆಯ ಸೆಕ್ಟರಿನಿಂದ ಶುರುವಾಗಿತ್ತು, ಎಸ್‌ಎಸ್‌ಡಿಯ 4 ಕೆಬಿ ತುಣುಕುಗಳ ಗೆರೆಗೆ ಹೊಂದುತ್ತಿರಲಿಲ್ಲ. ಪಾರ್ಟಿಷನ್ ಅಳಿಸಿ 2048ನೆಯ ಸೆಕ್ಟರಿನಿಂದ ಹೊಸದಾಗಿ ಮಾಡಿದೆ.

ಹೇಗೂ ಅಳಿಸಿದ ಮೇಲೆ 32 ಬಿಟ್ಟಿನ ವಿಂಡೋಸ್ 7 ಮತ್ತೆ ಹಾಕುವುದರಲ್ಲಿ ಅರ್ಥವಿರಲಿಲ್ಲ. 8 ಜಿಬಿ ಇದ್ದರೂ ಅದು ಸುಮಾರು ಮೂರೂಕಾಲು ಜಿಬಿಯ ಆಚೆ ಬಳಸುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಡ್ಯುಯೋದಲ್ಲಿ ಬೂಟ್ ಆಗುವುದೇ ಇಲ್ಲ. ಆದ್ದರಿಂದ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಟೈಪಿಂಗ್ ತಂತ್ರಾಂಶವಾದ ಐಬಸ್‌ನಲ್ಲಿ ಅವರಿಗೆ ರೂಢಿಯಿದ್ದ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಟ್ಟೆ. ತಂದೆಯವರಿಗೆ ಬೆರಳು ಬದಲಿಸಬೇಕಾಗಲಿಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿದ್ದ ಅವರ ಹಳೆಯ ಕಡತಗಳು ಮೊದಲು ಗೀಚಿದಂತೆ ಕಂಡವು, 'ನುಡಿ 01 ಇ' ಫಾಂಟನ್ನು ನಕಲಿಸಿದೊಡನೆ ಅಕ್ಷರಗಳಾದವು.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. 4 ಜಿಬಿಯ ಒಂದೇ ಪಟ್ಟಿ ಇಟ್ಟಾಗ ಮತ್ತು ಎರಡೂ ಇಟ್ಟಾಗ ಬೂಟ್ ಸಮಯದಲ್ಲಿ ಒಂದೆರಡು ಸೆಕೆಂಡಿನ ವ್ಯತ್ಯಾಸವೂ ಕಾಣಲಿಲ್ಲ. ಆದರೆ ವಿಡಿಯೊ ನೋಡುವಾಗ ವ್ಯತ್ಯಾಸ ಚೆನ್ನಾಗಿ ತಿಳಿಯಿತು, ಏಕೆಂದರೆ ಬೋರ್ಡಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಎರಡು ಪಟ್ಟಿ ಮತ್ತು ವಿಡಿಯೊವನ್ನು ಎಚ್.264 ಎಂಬ ಹಗುರ ರೂಪದಲ್ಲೇ ತರಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಸೇರಿದಾಗ 720ರಲ್ಲಿ ಕಛೇರಿ ಎಲ್ಲೂ ತಡವರಿಸದೆ ಸಾಗುತ್ತದೆ. 1080ಕ್ಕೆ ಈ ಪ್ರೊಸೆಸರ್ ಸಾಲದು.

240 ಜಿಬಿ ಎಸ್‌ಎಸ್‌ಡಿಗೆ 1,750 ರೂಪಾಯಿ, ಕೇಬಲ್, ಬಯಾಸ್ ಬ್ಯಾಟರಿ ಮತ್ತು ಥರ್ಮಲ್ ಪೇಸ್ಟಿಗೆ 260 ರೂಪಾಯಿ, ರ‍್ಯಾಮ್ ಮತ್ತು ಕೆಪಾಸಿಟರ್ ಸೇರಿ ಕೆಲಸಕ್ಕೆ ಬಂದ ಖರ್ಚು 3,400ರ ಒಳಗೆ. ದಂಡವಾದದ್ದು 2,500. ಅದರಲ್ಲೂ ಎಂಟು ಚಿಪ್ಪಿನ ಆ ಹೊಸ ಜೋಡಿ ಕಳೆದ ತಿಂಗಳು ಪಕ್ಕದ ಮನೆಯವರ, ಜಿ41ಕ್ಕಿಂತ ಹೊಸದಾದ ಎಚ್61 ಬೋರ್ಡಿನಲ್ಲಿ ಮೊದಲ ಸಲಕ್ಕೇ ಕುಳಿತು 8 ಜಿಬಿ ತೋರಿಸಿತು. ಅವರು 1,200 ರೂಪಾಯಿ ಕೊಟ್ಟರು. ಸರ್ವರಿನ ಜೋಡಿ ಇನ್ನೂ ಮೇಜಿನ ಖಾನೆಯಲ್ಲಿದೆ.